ಹಳದಿ ಚಪ್ಪರದ ಕೆಳಗೆ ಹೊಸ ಫ್ಲ್ಯಾಶ್

ಮದುವೆಗೆ ಮುಂಚೆ ಹಸ್ನಿತಾಳ ರಜೆಗಳೆಲ್ಲ ಮಲೇಷ್ಯಾದ ಮುವಾರ್ ನದಿಯ ದಡದಲ್ಲೇ ಕಳೆಯುತ್ತಿದ್ದವು. ಔಷಧದ ಅಂಗಡಿಯಲ್ಲಿ ವಾರವಿಡೀ ನಿಂತು ದುಡಿದವಳು, ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಫೋಟೊ ಸಂಘದವರ ಜೊತೆ ಹೊರಟುಬಿಡುತ್ತಿದ್ದಳು. ಮಗಳು ನೂರೈನ್ ಹುಟ್ಟಿದ ಮೇಲೆ ನದಿಯೂ ಇಲ್ಲ, ನಿದ್ದೆಯೂ ಇಲ್ಲ. ಹುಟ್ಟಿದ ವಾರವೇ ಕೂಸಿಗೆ ಕಾಮಾಲೆ ಬಂದು ಆಸ್ಪತ್ರೆಯ ನೀಲಿ ದೀಪದಡಿ ಮಲಗಿಸಿದ್ದರು. ವಾಸಿಯಾಯಿತು ಎಂದು ಡಾಕ್ಟರು ಹೇಳಿದ್ದರೂ ಹಸ್ನಿತಾ ನಂಬಿರಲಿಲ್ಲ.

ಅವಳ ಹಳೆಯ ಫ್ಲ್ಯಾಶು ನೆಟ್ಟಗೆ ಮುಖಕ್ಕೇ ಹೊಡೆಯುತ್ತಿತ್ತು. ಕೂಸು ಬೆಚ್ಚಿ ಅಳುತ್ತಿತ್ತು.

"ಮಗು ಕಣ್ಣು ತೆಗೀಬೇಕು ಅಂತಿದೀಯೇನೇ?" ಎಂದು ಅತ್ತೆ ಗದರಿದ್ದರು.

ಹುಟ್ಟುಗೂದಲು ಕತ್ತರಿಸುವ ಶಾಸ್ತ್ರ ಹತ್ತಿರ ಬಂದಿತ್ತು. ಹಳೆಯ ಫ್ಲ್ಯಾಶನ್ನು ಕೊಟ್ಟು, ಸಂಘದ ಗೆಳತಿಯಿಂದ ತಲೆ ಮೇಲಕ್ಕೆತ್ತಬಹುದಾದ ದೊಡ್ಡ ಫ್ಲ್ಯಾಶ್ ತಂದಳು. ಬೆಳಕು ಛಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯುತ್ತದೆ. ಕೋಣೆಯಲ್ಲಿ ಪರೀಕ್ಷಿಸಿದಾಗ ಕೂಸು ರೆಪ್ಪೆ ಕೂಡ ಮಿಟುಕಿಸಲಿಲ್ಲ.

ಶಾಸ್ತ್ರದ ದಿನ ಅಂಗಳದ ಚಪ್ಪರದಲ್ಲಿ ಗಂಡಸರು ಎದ್ದುನಿಂತು ಪ್ರವಾದಿಯ ಸ್ತುತಿಯಾದ ಸಲಾವತ್ ಹಾಡತೊಡಗಿದರು. ಗಂಡ ರುಶ್ದಾನ್ ಕೂಸನ್ನು ದಿಂಬಿನ ಮೇಲೆ ಮಲಗಿಸಿಕೊಂಡು ಹಿರಿಯರ ಮುಂದೆ ಹಿಡಿದ. ಮಾವನವರು ಒಂದು ಎಳೆ ಕತ್ತರಿಸಿ ಎಳನೀರಿನ ಬುರುಡೆಗೆ ಹಾಕಿದರು. ಹಸ್ನಿತಾ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಕ್ಲಿಕ್ಕಿಸಿ, ಕ್ಯಾಮೆರಾದ ತೆರೆಯತ್ತ ನೋಡಿದಳು.

ಮಗುವಿನ ಮುಖ ಅರಿಸಿನ ಹಚ್ಚಿದ ಹಾಗಿತ್ತು.

ಗಂಡನ ಕೈಯಿಂದ ಕೂಸನ್ನು ಕಿತ್ತುಕೊಂಡು ಅಡುಗೆಮನೆಯ ಕಿಟಕಿಗೆ ಓಡಿದಳು. ನರ್ಸು ಹೇಳಿಕೊಟ್ಟಂತೆ ಮೂಗಿನ ತುದಿ ಒತ್ತಿ, ಬೆರಳು ತೆಗೆದಾಗ ಚರ್ಮ ಹಳದಿಯೇ ಎಂದು ನೋಡಿದಳು. ಮತ್ತೆ ಒತ್ತಿದಳು.

ಗಂಡನ ಹಿರಿಯಕ್ಕ ಕಕ್ ಲಾಂಗ್ ಹಿಂದೆಯೇ ಬಂದು ಏದುಸಿರು ಬಿಡುತ್ತ, "ಏನಾಯ್ತೇ? ಎಲ್ಲಾ ಬಾಯಿ ಬಿಟ್ಕೊಂಡು ನಿಂತಿದಾರೆ!" ಎಂದಳು.

"ಕಾಮಾಲೆ ಮತ್ತೆ ಬಂದಿದೆ ಕಕ್. ನೋಡಿ, ಫೋಟೊ ನೋಡಿ."

ಕಕ್ ಲಾಂಗ್ ಮೊದಲು ಮಗುವನ್ನು ನೋಡಿದಳು, ಆಮೇಲೆ ಕ್ಯಾಮೆರಾವನ್ನು. "ಹಾಗಾದ್ರೆ ಅಪ್ಪನಿಗೂ ಕಾಮಾಲೆನಾ? ಅವರ ಗಡ್ಡಕ್ಕೂ ಬಂದಿದೆಯಲ್ಲೇ!"

ಹಸ್ನಿತಾ ತೆರೆಯನ್ನು ಮತ್ತೆ ನೋಡಿದಳು. ಮಾವನವರ ಬಿಳಿ ಗಡ್ಡ, ಎಳನೀರಿನ ಬುರುಡೆ, ರುಶ್ದಾನನ ತೋಳು, ಎಲ್ಲವೂ ಹಳದಿ. ಕಿಟಕಿಯಿಂದ ಬಗ್ಗಿ ಚಪ್ಪರ ನೋಡಿದಳು. ಒಳಗಡೆ ಪೂರ್ತಿ ಹಳದಿ ಸ್ಯಾಟಿನ್ ಬಟ್ಟೆ ಕಟ್ಟಿದ್ದರು. ಬೆಳಕು ಅದಕ್ಕೇ ಬಡಿದು ಬಣ್ಣ ಹೊತ್ತು ಇಳಿದಿತ್ತು. ಬಿಳಿ ಛಾವಣಿಗಷ್ಟೇ ಹೊಡೆಯಬೇಕೆಂದು ಸಂಘಕ್ಕೆ ಹೊಸದಾಗಿ ಸೇರಿದವರಿಗೆ ತಾನೇ ಹೇಳಿಕೊಟ್ಟವಳು. ಬೆಳಗಿನಿಂದ ಆ ಚಪ್ಪರದಡಿ ಓಡಾಡುತ್ತಿದ್ದರೂ ಒಮ್ಮೆ ಕತ್ತೆತ್ತಿ ನೋಡಿರಲಿಲ್ಲ.

ಕಿಟಕಿಯ ಬೆಳಕಲ್ಲಿ ನೂರೈನಳ ಮೂಗು ಕೆಂಪಗಿತ್ತು, ಒತ್ತಿ ಒತ್ತಿ ಇನ್ನಷ್ಟು ಕೆಂಪಾಗಿತ್ತು.

ಹೊರಗೆ ಸಲಾವತ್ ನಿಂತಿರಲಿಲ್ಲ. ಕೂಸಿಗಾಗಿ ಕಾಯುತ್ತ ಎಳೆದೆಳೆದು ಹಾಡುತ್ತಿದ್ದರು.

"ಬಾ, ಪಾಪ ಮುದುಕರ ಗಂಟಲು ಒಣಗ್ತಿದೆ. ಫೋಟೊ ಏನ್ಮಾಡ್ತೀಯ?"

ಫ್ಲ್ಯಾಶನ್ನು ನೇರ ತಿರುಗಿಸಿದರೆ ಕಣ್ಣಿಗೆ, ಮೇಲೆತ್ತಿದರೆ ಹಳದಿ. ಇನ್ನೊಂದು ದಾರಿ ಹುಡುಕುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಕ್ಯಾಮೆರಾವನ್ನು ಅನ್ನದ ಪಾತ್ರೆಯ ಪಕ್ಕ ಇಟ್ಟಳು.

"ಬೇಡ ಕಕ್. ಮಗೂನ ನಾನೇ ಎತ್ಕೊಂಡು ಬರ್ತೀನಿ."

ಉಳಿದ ಹಿರಿಯರು ಒಬ್ಬೊಬ್ಬರಾಗಿ ಕತ್ತರಿ ಹಿಡಿದು ಬಂದರು. ಹಸ್ನಿತಾ ಅಂಗೈಯಲ್ಲಿ ಕೂಸಿನ ತಲೆ ಅಲುಗದಂತೆ ಹಿಡಿದು ನಿಂತಳು. ನಿದ್ದೆಗೆಟ್ಟ ಅವಳ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.