ಐದು ಮನೆಯ ಪಾಯ

ನರಸಿಂಹಪ್ಪನವರ ಅಂಗಿಯ ಜೇಬಿನಲ್ಲಿ ಬೀಡಿಕಟ್ಟಿನ ಪಕ್ಕ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಬೇವಿನ ಕಡ್ಡಿಯಲ್ಲಿ ಕೆತ್ತಿದ, ಬೆರಳುದ್ದದ ಆಳು. ಬೊಂಬೆಮನೆಗೆ ಬಾಗಿಲು ಕೂರಿಸಿದ ಕೂಡಲೇ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ, "ಪೋರಾ ಅಬ್ಬಯ್ಯಾ, ಲೋಪಲಿಕಿ ಪೋ" ಎಂದು ತೆಲುಗಿನಲ್ಲಿ ಪುಸಲಾಯಿಸುತ್ತ ಒಳಕ್ಕೆ ತಳ್ಳುತ್ತಿದ್ದರು. ತಲೆ ತಗುಲಿತೋ, ಆ ಬಾಗಿಲನ್ನು ಕಿತ್ತೇ ಬಿಡುತ್ತಿದ್ದರು.

"ಬಗ್ಗಿ ಒಳಗೋಗೋ ಮನೆ ನಾನು ಕಟ್ಟಲ್ಲಮ್ಮ. ಬಗ್ಗಿದ್ದು ಸಾಕು."

ತೊಂಡೇಬಾವಿ ಹತ್ತಿರದ ತೋಟದ ಮನೆಯೊಂದರಲ್ಲಿ ಗಿಡಗಳ ಉಸ್ತುವಾರಿ ನನ್ನದು. ಯಜಮಾನರಿಗೆ ರೈಲಿನ ಹುಚ್ಚು. ಹುಲ್ಲಿನ ಸುತ್ತ ಮೂರು ಬೆರಳಗಲದ ಹಳಿ ಹಾಸಿ ಗೇಣೆತ್ತರದ ರೈಲು ಓಡಿಸುತ್ತಾರೆ. ಹಳಿಯ ಪಕ್ಕ ಊರೊಂದು ಬೇಕೆಂದು ಹೊರದೇಶದ ಪ್ಲಾಸ್ಟಿಕ್ ಮನೆಗಳನ್ನು ತರಿಸಿದ್ದರು. ದಿಬ್ಬೂರಹಳ್ಳಿಯಿಂದ ಕಾಂಪೌಂಡಿನ ಗಾರೆ ಕೆಲಸಕ್ಕೆ ಬಂದಿದ್ದ ನರಸಿಂಹಪ್ಪ ಅವನ್ನು ನೋಡಿ ರೇಗಿದರು.

"ಇದೇನ್ ಸಾಮಿ, ಸೂರು ಇಷ್ಟು ಚೂಪು? ಮಂಜು ಜಾರೋಕಾ? ಇದರ ಮೇಲೆ ಮೆಣಸಿನಕಾಯಿ ಎಲ್ಲಿ ಒಣಗಾಕ್ತಾರೆ?"

ಮರುದಿನವೇ ಗರಗಸ ಹಿಡಿದು ಕೂತರು. ಚೂಪು ಸೂರು ಕೊಯ್ದು ತಾರಸಿ ಹಾಕಿದರು, ಮುಂದೆ ಜಗಲಿ ಎಳೆದರು. ಕಿತ್ತ ಹೊಗೆಗೂಡನ್ನು ಎಸೆಯದೆ, ಶಿಡ್ಲಘಟ್ಟದಲ್ಲಿರುವಂಥ ರೇಷ್ಮೆ ನೂಲು ಬಿಚ್ಚುವ ಶೆಡ್ಡೊಂದನ್ನು ಮಾಡಿ ಅದಕ್ಕೆ ಸಿಕ್ಕಿಸಿದರು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಗೋಡೆಗಳು ಹಪ್ಪಳದ ಹಾಗೆ ಸೊಟ್ಟಗಾದವು. ಆಮೇಲೆ ಎಲ್ಲವೂ ಸಿಮೆಂಟೇ. ಮರಳು ಸೋಸಲು ನನ್ನ ಟೀ ಜಾಲರಿ ಹೋಯಿತು. ಕೇಳಿದರೆ, "ಟೀ ಯಾವಾಗ್ ಬೇಕಾದ್ರೂ ಕುಡೀಬೋದಮ್ಮ, ಊರು ಯಾವಾಗ್ ಕಟ್ತೀರ?" ಎಂದರು. ಬಿದಿರಿನ ಸೀಳಿನಲ್ಲಿ ಅಂಗೈಯಗಲದ ಚಂದ್ರಿಕೆ ತಟ್ಟೆ ಹೆಣೆದು, ರೇಷ್ಮೆಹುಳು ಈಗಷ್ಟೇ ಗೂಡು ಕಟ್ಟಿ ಮುಗಿಸಿದಂತೆ ಗೋಡೆಗೆ ಒರಗಿಸಿದರು.

ಕೊನೆಗೆ ಸ್ಟೇಷನ್ನಿಗೂ ಅರಳಿಕಟ್ಟೆಗೂ ನಡುವೆ ಐದು ಮನೆ ಕಟ್ಟಿದರು. ಅವರ ಕೇರಿಯವು. ನೀಲಿ ಸುಣ್ಣ, ಕೆಂಪು ಹೆಂಚು. ಮೊದಲನೆಯದು ಅವರದೇ. ಅದರ ಕಿಟಕಿಯಲ್ಲಿ ಇಣುಕಿದರೆ ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೊ, ಉಗುರಿನಷ್ಟು.

"ನಮ್ಮೂರಲ್ಲಿ ಇವು ಊರಾಚೆ ಅವೆ. ಇಲ್ಲಿ ನಾನೇ ಮೇಸ್ತ್ರಿ. ಮಧ್ಯದಲ್ಲಿಟ್ಟೆ" ಎಂದು ನಕ್ಕರು.

ಶನಿವಾರ ಯಜಮಾನರು ಬಂದು ಸುತ್ತಿ ನೋಡಿದರು. "ಊರು ಚೆನ್ನಾಗೈತೆ ನರಸಿಂಹಪ್ಪ. ಆ ಐದು ಮನೆ ಮಾತ್ರ ಹಳಿ ಆಚೆ ಇಟ್ಬಿಡು. ನೆಂಟರು ಬರ್ತಾರೆ, ಏನೇನೋ ಕೇಳ್ತಾರೆ."

"ಬೊಂಬೆ ಊರಲ್ಲೂನಾ ಸಾಮಿ?"

"ಏ, ಅದಕ್ಕಲ್ಲಪ್ಪ. ನೋಟಕ್ಕೆ ಹೇಳ್ದೆ."

"ನೋಟಕ್ಕಾದ್ರೆ ಅಲ್ಲೇ ಚೆನ್ನಾಗವೆ."

ಯಜಮಾನರು ನನ್ನತ್ತ ತಿರುಗಿದರು. "ನೀನೇನಂತೀಯ ಸರೋಜಮ್ಮ?"

ನಾನು ನೀರಿನ ಪೈಪು ಸುತ್ತತೊಡಗಿದೆ.

ಭಾನುವಾರ ನರಸಿಂಹಪ್ಪ ಊರಿಗೆ ಹೋಗಿದ್ದರು. "ಅವನು ಬರೋದ್ರೊಳಗೆ ತೆಗೆಸಿಬಿಡು" ಎಂದರು ಯಜಮಾನರು. ನಾನೂ ಊರೊಳಗಿನ ಮನೆಯವಳೇ. ನರಸಿಂಹಪ್ಪ ಬಂದು ಮತ್ತೊಮ್ಮೆ ಆ ಮಾತು ಕೇಳುವುದು ಬೇಡ, ಸದ್ದಿಲ್ಲದೆ ಮುಗಿಯಲಿ ಎಂದುಕೊಂಡೆ. ಅದನ್ನು ಒಳ್ಳೆಯತನ ಎಂದುಕೊಂಡೆ ನೋಡಿ, ಇವತ್ತಿಗೂ ನನಗೆ ನನ್ನ ಮೇಲೆ ಮೈ ಉರಿಯುವುದು ಅದಕ್ಕೇ. ನಾನೇ ಉಳಿ ಹಿಡಿದು, ಒಂದು ಹೆಂಚೂ ಮುಕ್ಕಾಗದಂತೆ ಐದೂ ಮನೆ ಬಿಡಿಸಿ, ಗೊಬ್ಬರದ ಗುಂಡಿಯ ಪಕ್ಕ ಕಾಂಪೌಂಡಿಗೆ ಸಾಲಾಗಿ ಇಟ್ಟೆ. ಮುಂದೆ ಗುಡಿಸಿ ನಾಲ್ಕು ಹೂವಿನ ಸಸಿಯನ್ನೂ ನೆಟ್ಟೆ. ಹೂವಿನ ಸಸಿ!

ಸೋಮವಾರ ನರಸಿಂಹಪ್ಪ ಬಂದು ಆ ಸಾಲು ನೋಡಿದರು.

"ಏನೂ ಮುರಿದಿಲ್ಲ ನರಸಿಂಹಪ್ಪ. ಜೋಪಾನವಾಗಿ ಇಟ್ಟಿದ್ದೀನಿ" ಎಂದೆ.

"ಇಟ್ಟಿದ್ದೀರ. ನಮ್ಮನ್ನ ಯಾವಾಗ್ಲೂ ಜೋಪಾನವಾಗೇ ಆಚೆ ಇಡ್ತೀರ." ದನಿ ಏರಲಿಲ್ಲ. "ಯಜಮಾನ್ರು ಬಾಯ್ಬಿಟ್ಟು ಹೇಳಿದ್ರು, ನಾನೂ ಹೇಳ್ದೆ. ನೀವು ಪೈಪ್ ಸುತ್ತುತಿದ್ರಲ್ಲಮ್ಮ."

ಗೋಣಿಚೀಲಕ್ಕೆ ಹುಲ್ಲು ಹಾಸಿ ಐದು ಮನೆಯನ್ನೂ ಲಗೇಜ್ ಆಟೊದಲ್ಲಿಟ್ಟುಕೊಂಡು ಹೋದರು. ಯಜಮಾನರು ಎರಡು ಸಲ ಹೇಳಿಕಳಿಸಿದರು. ಅವರು ಬರಲಿಲ್ಲ. ವರ್ಷ ದಾಟಿದ ಮೇಲೆ ತೀರಿಕೊಂಡರೆಂದು ಸುದ್ದಿ ಬಂತು. ಮಣ್ಣಿಗೆ ಹೋಗುವ ಮುಖ ನನಗಿರಲಿಲ್ಲ.

ಐದು ಪಾಯ ಅಲ್ಲೇ ಇವೆ, ಅಂಗೈಯಷ್ಟಗಲ. ಹುಲ್ಲು ಹಾಕಿ ಮುಚ್ಚು ಎಂದು ಯಜಮಾನರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ನಾನು ದಿನಾ ಬೆಳಿಗ್ಗೆ ಅಲ್ಲಿ ಹುಟ್ಟುವ ಕಳೆ ಕೀಳುತ್ತೇನೆ.

ಹೋದ ಭಾನುವಾರ ನೆಂಟರು ಬಂದಿದ್ದರು. "ನಮ್ಮೂರನ್ನೇ ಮಾಡ್ಸಿದೀನಿ ನೋಡಿ" ಎಂದು ಯಜಮಾನರು ರೈಲು ಬಿಟ್ಟರು. ವಯಸ್ಸಾದ ಹೆಂಗಸೊಬ್ಬರು, "ಯಾರಪ್ಪ ಕಟ್ಟಿದ್ದು, ಇಷ್ಟು ಚೆಂದಾಗಿ?" ಎಂದು ಕೇಳಿದರು.

"ಯಾರೋ ಒಬ್ಬ ಗಾರೆಯವ್ನು."

ನಾನು ಪೈಪು ಕೆಳಗೆ ಹಾಕಿದೆ.

"ದಿಬ್ಬೂರಹಳ್ಳಿ ನರಸಿಂಹಪ್ಪನೋರು. ಇಗೋ, ಈ ಐದು ಪಾಯ ಕಾಣ್ತಾವಲ್ಲಮ್ಮ, ಅವರ ಕೇರಿ ಮನೆಗಳು ಇಲ್ಲಿದ್ವು. ಕೀಳ್ಸಿದ್ದು ಇವರು. ಕಿತ್ತೋಳು ನಾನು."

ರೈಲು ಸುತ್ತು ಮುಗಿಸಿ ಬಂದು ಸ್ಟೇಷನ್ನಿನ ಮುಂದೆ ನಿಂತಿತು. ಈ ಮಾತು ಕೇಳಬೇಕಾಗಿದ್ದವರು ಮಣ್ಣಾಗಿ ಆಗಲೇ ಎಂಟು ತಿಂಗಳು.