ಪೂರ್ವ ಮೇಲಿದ್ದ ನಕ್ಷೆ

ಮೇಷ್ಟ್ರ ಮಂಡಿಗಳೆರಡೂ ಎತ್ತಿನ ಹೆಗಲಿನಂತೆ ಕಪ್ಪಗೆ ಜಡ್ಡುಗಟ್ಟಿದ್ದವು. ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿಗೆ ಹೋಗಿ, ಸಾವಿರ ವರ್ಷಕ್ಕೂ ಹಿಂದಿನ ಒಂದು ಚರ್ಚಿನ ನೆಲವನ್ನು ಉತ್ಖನನಕ್ಕಾಗಿ ಎರಡು ಬೇಸಿಗೆ ಮಂಡಿಯೂರಿ ಕೆರೆದು ಬಂದವರು. ಅಲ್ಲಿ ಗೋಡೆ ಉಳಿದಿರಲಿಲ್ಲವಂತೆ. ಮರದ ಕಂಬಗಳು ಕೊಳೆತ ಕಡೆ ಮಣ್ಣು ಕಪ್ಪಾಗಿತ್ತು, ಅಷ್ಟೇ. "ಕಂಬ ಓದ್ರೂ ಅದ್ರ ಗುಂಡಿ ಓಗಕಿಲ್ಲ ಕಣ್ಲಾ" ಎನ್ನುತ್ತಿದ್ದರು.

ಹಾಸನದ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದಾಗ ಒಮ್ಮೆ ಸಾಲಗಾಮೆಯ ಬಳಿ ರಾಗಿ ಕುಯ್ದ ಹೊಲದಲ್ಲಿ ಗೂಟ ಹೊಡೆದು, ದಾರ ಕಟ್ಟಿ, ಆ ಚರ್ಚಿನ ಆಕಾರವನ್ನು ಅದರ ಅಳತೆಯಲ್ಲೇ ಹಾಕಿ ತೋರಿಸಿದರು. ಹೊಲದ ಯಜಮಾನ ಓಡಿ ಬಂದ.

"ಇದೇನ್ ಸಾ, ನಮ್ ಒಲ ಸೈಟ್ ಮಾಡಿ ಮಾರ್ಬುಟ್ರಾ?"

"ಮಾರೋಂಗಿದ್ರೆ ನಿಂಗೇ ಮೊದ್ಲು ಏಳ್ತಿದ್ದೆ ಕಣಣ್ಣ. ಪೂರ್ವಕ್ಕೆ ಪೀಠ ಐತೆ, ಒಳ್ಳೆ ವಾಸ್ತು."

ನಕ್ಷೆ ಬರೆಯುವಾಗಲೂ ಪೂರ್ವವನ್ನೇ ಹಾಳೆಯ ಮೇಲ್ತುದಿಗೆ ಇಡುತ್ತಿದ್ದರು. ಚರ್ಚಿನಲ್ಲಿ ಪೂಜೆ ನಡೆಯುವ ಪೀಠದ ದಿಕ್ಕು ಕಣ್ಣೆದುರಿಗೆ ಇರಬೇಕೆಂಬುದು ಅವರ ರೂಢಿ. ದಿಕ್ಕಿನ ಬಾಣ ಹಾಕುತ್ತಿರಲಿಲ್ಲ.

ನೋಡಿ ಕೊಡುತ್ತೇನೆಂದು ಆ ನಕ್ಷೆಗಳನ್ನು ಒಯ್ದ ವಿಭಾಗದ ಮುಖ್ಯಸ್ಥರು ಅವನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡರು. ಕರಡು ತಿದ್ದಲು ಬಂದದ್ದು ಹಳೆಯ ವಿದ್ಯಾರ್ಥಿಯಾದ ನನ್ನ ಕೈಗೆ. ಮೇಷ್ಟ್ರ ಹೆಸರು ಎಲ್ಲಿಯೂ ಇರಲಿಲ್ಲ. ಮೇಲ್ತುದಿ ಎಂದರೆ ಉತ್ತರವೇ ಎಂದುಕೊಂಡು ಬಾಣ ಹಾಕಿಸಿದ್ದರು. ಪೂರ್ವದ ಪೀಠ ಉತ್ತರಕ್ಕೆ ತಿರುಗಿತ್ತು, ಜೊತೆಗೆ ಚರ್ಚಿನ ಪಕ್ಕ ಅಗೆದ ಗೋರಿಗಳೂ. ಹೊಳೆನರಸೀಪುರದ ಬಸ್ಸು ಹಿಡಿದು ಹೋಗಿ ಮೇಷ್ಟ್ರಿಗೆ ತೋರಿಸಿದೆ. ಬಾಣದ ಮೇಲೆ ಬೆರಳಿಟ್ಟು ನೋಡಿದರು.

"ಅಚ್ಚಾಗ್ಲಿ ಬುಡು. ಅಚ್ಚಾದ್ಮೇಲೆ ತಪ್ಪು ಅಳ್ಸಕ್ಕಾಗಕಿಲ್ಲ."

ಹಾಗೆಂದವರು ಅವರೋ, ಅಥವಾ ನಾನು ಅಂದದ್ದಕ್ಕೆ ಅವರು ತಲೆಯಾಡಿಸಿದರೋ? ಆ ದಿನದ ಡೈರಿಯಲ್ಲಿ ಮಾತಿದೆ, ಆಡಿದವರು ಯಾರೆಂದಿಲ್ಲ.

ಬಿಡುಗಡೆಯ ಸಭೆಯಲ್ಲಿ ಮೇಷ್ಟ್ರು ಎದ್ದು ಕೈಮುಗಿದರು. "ಸಾರ್, ಗೋರಿ ಒಳಗೆ ಸತ್ತೋರ ತಲೆ ಯಾವ ಕಡೆ ಇತ್ತು?"

ಮುಖ್ಯಸ್ಥರು ಪುಟ ತಿರುಗಿಸಿ ನೋಡಿ, "ದಕ್ಷಿಣಕ್ಕೆ" ಎಂದರು.

"ಔದಾ? ನನ್ ಕೈಯಾರೆ ಮಣ್ಣು ತೆಗ್ದ ತಲೆಗಳೆಲ್ಲಾ ಪಶ್ಚಿಮಕ್ಕಿದ್ವು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ, ಅದು ಚೆನ್ನಾಗಿ ನೆನಪಿದೆ. ಪುಸ್ತಕದ ಕಟ್ಟುಗಳನ್ನು ಆಮೇಲೆ ಯಾರೂ ಬಿಚ್ಚಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ತಿಂಗಳೊಳಗೆ ಮುಖ್ಯಸ್ಥರ ಫೋನ್ ಬಂತು.

"ತಿದ್ದಿ ಮತ್ತೆ ಅಚ್ಚು ಹಾಕಿಸೋಣ ಅಂತಿದೀನಪ್ಪ. ಅಳತೆ ಬರೆದ ಅವರ ನೋಟ್‌ಬುಕ್ಕು ನಿನ್ನ ಹತ್ರ ಇದೆಯಂತಲ್ಲ. ಕೃತಜ್ಞತೆಯಲ್ಲಿ ಅವರ ಹೆಸರು ಹಾಕ್ತೀನಿ."

"ಮುಖಪುಟಕ್ಕೆ ಹಾಕ್ತೀರಾ ಸಾರ್?"

ಫೋನ್ ಇಟ್ಟುಬಿಟ್ಟರು.

ಆ ಚರ್ಚಿನ ಬಗ್ಗೆ ಕನ್ನಡದಲ್ಲಿ ಸರಿಯಾದ ಪುಸ್ತಕ ಇನ್ನೂ ಇಲ್ಲ. ಮೇಷ್ಟ್ರಾಗಿದ್ದರೆ ಓದುವ ಮಕ್ಕಳಿಗಾಗಿ ನೋಟ್‌ಬುಕ್ಕು ಕೊಟ್ಟುಬಿಡುತ್ತಿದ್ದರೇನೋ. ನಾನು ಕೊಡಲಿಲ್ಲ.