ಅಮಾವಾಸ್ಯೆ ದಿನದ ಸರ್ಟಿಫಿಕೇಟ್

ಇಂಪೋರ್ಟ್ ಒತ್ತಿದೆ. ಸ್ಕ್ರೀನ್ ಮೇಲೆ ಕೆಂಪಕ್ಷರ. ಮತ್ತೆ ಒತ್ತಿದೆ. ಮತ್ತೆ ಕೆಂಪು. ಈ ಹೊಸ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲವಂತೆ. ಹಳೆಯದೋ, ಅವತ್ತು ಸಂಜೆಗೇ ಮುಗಿಯುತ್ತಿತ್ತು.

ನಾನಿದ್ದದ್ದು ಪುಟ್ಟೇನಹಳ್ಳಿಯಲ್ಲಿ, ನನ್ನ ಸೋದರಮಾವನ ಕೋಲ್ಡ್ ರೂಮ್ ಪಕ್ಕದ ಆಫೀಸಿನಲ್ಲಿ. ಒಳಗೆ ಮಕ್ಕಳ ಲಸಿಕೆ, ಇನ್ಸುಲಿನ್. ತಂಪು ಕಡಿಮೆಯಾದರೆ ಸೆನ್ಸರ್‌ಗಳು ಮಾವನ ಫೋನಿಗೆ ಅಲಾರಂ ಕಳಿಸುತ್ತವೆ. ಅದಕ್ಕೆ ಮೊದಲು ಪ್ರತಿ ಸೆನ್ಸರ್ ತನ್ನ ಐಡಿ ಕಾರ್ಡ್ ತೋರಿಸಬೇಕು. ಅದೇ ಸರ್ಟಿಫಿಕೇಟ್. ಆ ಕಾರ್ಡ್ ಕೊಡುವ ನಮ್ಮದೇ ಖಾಸಗಿ ಆಫೀಸೊಂದನ್ನು ನಾನು ಕ್ಲೌಡ್‌ನಲ್ಲಿ ತೆರೆದಿದ್ದೇನೆ. (ವಿಡಿಯೋ ನೋಡಿ ಕಲಿತದ್ದು. ಸಖತ್ ಮಜಾ ಇದೆ, ನಂಬಿ.) ಆ ಆಫೀಸಿಗೂ ಮೇಲಿನವರ ಸಹಿ ಇರುವ ಸರ್ಟಿಫಿಕೇಟ್ ಬೇಕು; ಇಂಪೋರ್ಟ್ ಆಗದೆ ಕಾಡುತ್ತಿದ್ದದ್ದು ಅದೇ. ಸಹಿ ಹಾಕುವ ಲ್ಯಾಪ್‌ಟಾಪ್ ಇಂಟರ್ನೆಟ್ಟನ್ನೇ ಕಾಣದೆ ಬೀರುವಿನಲ್ಲಿರುತ್ತದೆ. ಪಾಸ್‌ವರ್ಡ್ ಮಾವನಿಗೆ ಮಾತ್ರ ಗೊತ್ತು.

ಸಂಜೆಯೊಳಗೆ ಇಂಪೋರ್ಟ್ ಆಗದಿದ್ದರೆ? ಸೆನ್ಸರ್‌ಗಳ ಮಾತನ್ನು ಯಾರೂ ನಂಬುವುದಿಲ್ಲ. ಕರೆಂಟ್ ಹೋಗಿ ಒಳಗೆಲ್ಲ ಬಿಸಿಯಾದರೂ ಅಲಾರಂ ಬರುವುದಿಲ್ಲ. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ.

ಫೈಲ್ ತೆರೆದು ಸಾಲು ಸಾಲಾಗಿ ನೋಡಿದೆ. ಎಲ್ಲ ಸರಿ. ಶುರುವಾಗುವ ದಿನ ಮಾತ್ರ ಶುಕ್ರವಾರ. ಅವತ್ತು ಬುಧವಾರ.

"ಮಾವ, ಶುಕ್ರವಾರ ಯಾಕೆ ಹಾಕಿದ್ರಿ?"

"ಇವತ್ತು ಅಮಾವಾಸ್ಯೆ ಕಣೋ. ಯಾರಾದ್ರೂ ಹೊಸದು ಶುರು ಮಾಡ್ತಾರಾ?"

ಅಲ್ಲಿಯವರೆಗೆ ಲಸಿಕೆ ಕಾಯುವವರು ಯಾರು ಎಂದೆ. ತಾವೇ ಥರ್ಮಾಮೀಟರ್ ಹಿಡಿದು ಕೂರುತ್ತಾರಂತೆ. ನಿದ್ದೆ ಬಂದರೆ? ಮಾವ ಸಹಿಯ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕೈ ಇಟ್ಟು ಕೂತರು. ಹೊರಗೆ ಬಿಸಿಲು ಇಳಿಯುತ್ತಿತ್ತು.

ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಊರಿಗೆ ಹೊರಡೋ ದಿನ ಸರಿ ಇಲ್ಲ ಅಂದ್ರೆ ನೀವೇನ್ರೀ ಮಾಡ್ತೀರ? ಮುಂಚೆನೇ ಒಳ್ಳೇ ದಿನ ನೋಡಿ ಬ್ಯಾಗ್ ಪಕ್ಕದ್ಮನೇಲಿ ಇಟ್ಟು ಬರಲ್ವಾ? ಇದಕ್ಕೂ ಹೋದ ಶುಕ್ರವಾರದಿಂದ ಅಂತ ಹಾಕಿ. ಇವತ್ತು ಶುರು ಆದಂಗೆ ಎಲ್ಲಾಯ್ತು?"

ಮಾವ ನನ್ನ ಮುಖ ನೋಡಿದರು. ಹಾಕಬಹುದು ಎಂದೆ. (ನಿಜವಾಗಿಯೂ ಹಾಕಬಹುದು. ಎಲ್ಲ ಯಂತ್ರಗಳ ಗಡಿಯಾರವೂ ಒಂದೇ ಸಮ ಓಡುವುದಿಲ್ಲವೆಂದು ಬಲ್ಲವರೂ ತುಸು ಹಿಂದಿನಿಂದಲೇ ಶುರು ಮಾಡುತ್ತಾರೆ.) ಲ್ಯಾಪ್‌ಟಾಪ್ ತೆರೆಯಿತು. ಹೊಸ ಸಹಿ, ಪೆನ್ ಡ್ರೈವ್, ಇಂಪೋರ್ಟ್. ಹಸಿರು. ಸೆನ್ಸರ್‌ಗಳು ಒಂದೊಂದಾಗಿ ಹೊಸ ಕಾರ್ಡ್ ಪಡೆದವು. ಅಲಾರಂ ಬಾರಿಸಿ ನೋಡಿದೆವು. ಮಾವನ ಫೋನ್ ಅರಚಿತು.

ನಾವೆಲ್ಲ ಹೀಗೇ ಅಲ್ಲವೇ? ಒಳ್ಳೆ ದಿನ ಹೊಸ ಮನೆಯಲ್ಲಿ ಹಾಲುಕ್ಕಿಸಿ, ಬೀಗ ಹಾಕಿ ಬರುತ್ತೇವೆ. ಸಾಮಾನು ಸಾಗಿಸುವುದು ಟೆಂಪೋ ಸಿಕ್ಕ ದಿನ. ಕಂಪ್ಯೂಟರ್ ಇದಕ್ಕೆಲ್ಲ ಬಗ್ಗುವುದಿಲ್ಲ ಅಂದುಕೊಂಡಿದ್ದೆ. ಬರುವ ಶುಕ್ರವಾರವನ್ನು ಖಡಾಖಂಡಿತ ಒಪ್ಪದ ಅದು, ಹೋದ ಶುಕ್ರವಾರವನ್ನು ಮರುಮಾತಿಲ್ಲದೆ ಒಪ್ಪಿತು.

ಅವತ್ತು ಈ ಸರ್ಟಿಫಿಕೇಟ್ ಹುಟ್ಟಿಯೇ ಇರಲಿಲ್ಲ ಅಂತ ಅದಕ್ಕೆ ಯಾರು ಹೇಳಬೇಕು?